ಮತ್ತೊಮ್ಮೆ, ಮೆತ್ತಗ

ನಾನು ಅವರನ್ನು ಮೊದಲ ಸಲ ಕಂಡಾಗ ಅವರು ಚಟ್ಟದ ಮೇಲೆ ಮಲಗಿದ್ದರು.

ಕಾಶಿಯ ಜಂಗಮವಾಡಿಯ ಗಲ್ಲಿಯಲ್ಲಿ ಹುಟ್ಟಿ ಬೆಳೆದವರಿಗೆ ಚಟ್ಟ ಹೊಸದಲ್ಲ. ಬೆಳಿಗ್ಗೆ ಹಾಲಿನವನ ಸೈಕಲ್ಲು ಬರುತ್ತದೆ, ತರಕಾರಿಯ ತಳ್ಳುಗಾಡಿ ಬರುತ್ತದೆ, ಅದರ ಹಿಂದೆಯೇ ‘ರಾಮ ನಾಮ ಸತ್ಯ ಹೈ’ ಎನ್ನುತ್ತ ನಾಲ್ಕು ಜನ ಬರುತ್ತಾರೆ. ನಾವು ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತೇವೆ. ಮಣಿಕರ್ಣಿಕೆಗೆ ಹೊರಟವರನ್ನು ಯಾರೂ ತಡೆಯುವುದಿಲ್ಲ.

ಆ ದಿನ ನಾನು ತಡೆದೆ.

ಎರಡು ಸಾವಿರದ ನಾಲ್ಕನೆಯ ಇಸವಿಯ ಜನವರಿ. ಎದುರಿನ ಗೋಡೆಯೂ ಕಾಣದಂಥ ಮಂಜು. ವಿಶ್ವನಾಥ ಗಲ್ಲಿಯಿಂದ ಬಿಲ್ವಪತ್ರೆ ಹಿಡಿದುಕೊಂಡು ಬರುತ್ತಿದ್ದೆ. ತಿರುವಿನಲ್ಲಿ ಹೊತ್ತವರ ಹೆಜ್ಜೆ ತಪ್ಪಿ ಚಟ್ಟ ವಾಲಿತು. ಹೊದಿಸಿದ ಬಿಳಿ ಬಟ್ಟೆ ಎದೆಯಿಂದ ಒಂದಿಷ್ಟು ಸರಿಯಿತು. ಚೆಂಡುಹೂವಿನ ಮಾಲೆಯ ಕೆಳಗೆ ಶಿವದಾರ ಕಂಡಿತು. ಅದರ ತುದಿಯಲ್ಲಿ ಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಕರಡಿಗೆ.

ನಮ್ಮವರನ್ನು ಸುಡುವುದಿಲ್ಲ. ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಮಣ್ಣು ಕೊಡುತ್ತೇವೆ. ನನ್ನ ಅಪ್ಪ ಗುರುಶಾಂತಯ್ಯನವರು ಜಂಗಮವಾಡಿ ಮಠದಲ್ಲಿ ಯಾತ್ರಿಕರ ಕೋಣೆಗಳನ್ನು ನೋಡಿಕೊಳ್ಳುವವರು. ಕನ್ನಡನಾಡಿನಿಂದ ಒಂಟಿಯಾಗಿ ಬಂದು ಇಲ್ಲೇ ತೀರಿಕೊಂಡವರಿಗೆ ಮಣ್ಣು ಕೊಡಿಸುವ ಕೆಲಸವೂ ಅವರದೇ. ಹಿಂದಿನ ವರ್ಷ ಸಿಂದಗಿ ಕಡೆಯ ಮುದುಕರೊಬ್ಬರು ಘಾಟಿನ ಮೆಟ್ಟಿಲ ಮೇಲೆ ಕುಸಿದಾಗ, ಯಾರೋ ದಾರಿಹೋಕರು ಪುಣ್ಯದ ಕೆಲಸವೆಂದು ಅವರನ್ನು ಚಿತೆಗೆ ಏರಿಸಿಬಿಟ್ಟಿದ್ದರು. ಅಪ್ಪನಿಗೆ ತಿಳಿದದ್ದು ಮರುದಿನ. ‘ಒಂದು ತಾಸು ಮೊದಲ ಗೊತ್ತಾಗಿದ್ದರ’ ಎಂದು ತಿಂಗಳುಗಟ್ಟಲೆ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಆ ಒಂದು ತಾಸು ಈಗ ನನ್ನ ಎದುರಿಗೇ ಹೊರಟಿತ್ತು. ಬಿಲ್ವದ ಬುಟ್ಟಿ ಕೈಬಿಟ್ಟು ಓಡಿಹೋಗಿ ಚಟ್ಟದ ಮುಂದೆ ಎರಡೂ ಕೈ ಚಾಚಿ ನಿಂತೆ. ನಿಲ್ಲಿಸಿ ಎಂದು ಹಿಂದಿಯಲ್ಲಿ ಹೇಳಿದೆ. ಹೊತ್ತವರು ಮುಖಮುಖ ನೋಡಿಕೊಂಡರು. ಗಾಬರಿಯಲ್ಲಿ ಮುಂದಿನ ಮಾತು ಕನ್ನಡದಲ್ಲೇ ಬಂತು.

“ಇವರು ನಮ್ಮವರ್ರೀ. ಇವರನ್ನ ಸುಡಬಾರದು.”

ಹೆಣ ಒಂದು ಕಣ್ಣು ತೆರೆಯಿತು.

“ಅಕ್ಕಾರ,” ಎಂದಿತು, ತುಟಿ ಅಲ್ಲಾಡಿಸದೆ, “ನಾ ಇನ್ನೂ ಅದೀನ್ರಿ. ದಾರಿ ಬಿಡ್ರಿ. ಶೂಟಿಂಗ್ ನಡದೈತಿ.”

ಮೇಲಿನ ಬಾಲ್ಕನಿಯಿಂದ ಯಾರೋ ಕಟ್ ಎಂದು ಕೂಗಿದರು. ಆಗಲೇ ನನಗೆ ಕ್ಯಾಮೆರಾ ಕಂಡದ್ದು.

ಅದು ಮುಂಬಯಿಯವರು ತೆಗೆಯುತ್ತಿದ್ದ ಟಿ.ವಿ. ಧಾರಾವಾಹಿ. ಅವರಿಗೆ ಬೇಕಿದ್ದದ್ದು ಮಂಜು. ಕೆಳಗಿಳಿದು ಬಂದ ನಿರ್ದೇಶಕರು ನನ್ನನ್ನು ಬಯ್ಯುವ ಹೊತ್ತಿಗೆ ಮಂಜು ತೆಳುವಾಗತೊಡಗಿತ್ತು. ನನ್ನನ್ನು ಬಿಟ್ಟು ಅವರು ಹೆಣದ ಕಡೆ ತಿರುಗಿದರು. ಕೊರಳಲ್ಲಿದ್ದುದನ್ನು ತೆಗೆದಿಡು ಎಂದು ನಿನ್ನೆಯೇ ಹೇಳಿರಲಿಲ್ಲವೇ ಎಂದು ಕೇಳಿದರು. ಹೆಣ ಎದ್ದು ಕೂತು, ಮೂಗಿನ ಹತ್ತಿ ತೆಗೆದು, ಚಟ್ಟದಿಂದಿಳಿದು ನೆಟ್ಟಗೆ ನಿಂತಿತು. ತೆಗೆಯುವುದಿಲ್ಲ ಎಂದು ನಾನೂ ನಿನ್ನೆಯೇ ಹೇಳಿದ್ದೆ ಸಾಬ್ ಎಂದಿತು. ಮುಂದಿನ ಐದು ನಿಮಿಷದಲ್ಲಿ ಬೇರೆ ಒಬ್ಬ ಮನುಷ್ಯ ಆ ಚಟ್ಟದ ಮೇಲೆ ಮಲಗಿದ್ದ.

ನಾನು ಅಲ್ಲೇ ನಿಂತಿದ್ದೆ. ಅವರು ಹೆಣದ ಬಟ್ಟೆ ಸುತ್ತಿಕೊಂಡೇ ಬಗ್ಗಿ, ಚೆಲ್ಲಿದ ಬಿಲ್ವದ ಎಸಳುಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಿ ನನ್ನ ಕೈಗೆ ಕೊಟ್ಟರು. ಕ್ಷಮಿಸಿ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

“ನಾ ನಿಮಗಿಂತ ಸಣ್ಣಾಕಿ ಅದೀನಿ. ಅಕ್ಕಾರ ಅನಬ್ಯಾಡ್ರಿ.”

ಅವರು ನಕ್ಕರು. ಹಣೆಯ ಮೇಲೆ ಮೇಕಪ್ಪಿನವರು ಬಳಿದ ಸಾವಿನ ಬಣ್ಣ ಇನ್ನೂ ಇತ್ತು, ಅದರ ಕೆಳಗೆ ಆ ನಗು.

“ಹದಿನೈದು ವರ್ಷ ಫೌಜಿನಾಗ ಇದ್ದೆ. ಸಾವಿಗೆ ಅಡ್ಡ ನಿಂತವರನ್ನ ಇವತ್ತ ನೋಡಿದೆ,” ಎಂದರು.

*

ಅವರು ಮಠದಲ್ಲೇ, ನಮ್ಮ ಮನೆಯ ಮೇಲಿನ ಸಾಲಿನ ಕೊನೆಯ ಕೋಣೆಯಲ್ಲೇ ಇದ್ದಾರೆ ಎಂದು ಅದೇ ಸಂಜೆ ತಿಳಿಯಿತು. ಅಪ್ಪನಿಗೆ ಎಲ್ಲ ಗೊತ್ತಿತ್ತು. ನಾನೇ ಯಾತ್ರಿಕರ ಹೆಸರು ಕೇಳುವುದನ್ನು ಬಿಟ್ಟು ವರ್ಷಗಳಾಗಿದ್ದವು. ಏಳು ವರ್ಷದವಳಿದ್ದಾಗ ಹುಬ್ಬಳ್ಳಿಯಿಂದ ಬಂದ ಮನೆಮಂದಿಯಲ್ಲಿ ನನ್ನ ವಯಸ್ಸಿನ ಹುಡುಗಿಯೊಬ್ಬಳಿದ್ದಳು. ಮೂರು ದಿನ ಜೊತೆಗೆ ಆಡಿದೆವು. ನಾಲ್ಕನೆಯ ದಿನ ಅವರ ರಿಕ್ಷಾದ ಹಿಂದೆ ಗೊದೌಲಿಯಾ ಚೌಕದ ತನಕ ಓಡಿದ್ದೆ. ಯಾತ್ರಿಕರು ಇರುವುದೇ ಮೂರು ದಿನ ಎಂದು ಅವತ್ತು ಅಪ್ಪ ಹೇಳಿದರು. ಅಂದಿನಿಂದ ನಾನು ಬಾಗಿಲಲ್ಲಿ ನಿಂತು ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ, ‘ಮತ್ತ ಬರ್ರಿ’ ಎಂದು. ಯಾರೂ ಬರುವುದಿಲ್ಲ ಎಂದು ಗೊತ್ತಿದ್ದೇ ಹೇಳುತ್ತೇನೆ.

ಅವರ ಹೆಸರು ಅನ್ನದಾನಯ್ಯ ಹಿರೇಮಠ. ಗದಗ ಜಿಲ್ಲೆಯ ನರೇಗಲ್ಲಿನವರು. ಹದಿನೆಂಟಕ್ಕೆ ಸೇನೆ ಸೇರಿ ಹವಾಲ್ದಾರರಾಗಿ ನಿವೃತ್ತರಾದವರು. ಈಗ ಮೂವತ್ತನಾಲ್ಕು. ಪೆನ್ಶನ್ ಬಂದ ಮೊದಲ ತಿಂಗಳೇ ಮುಂಬಯಿಗೆ ಹೋಗಿ ನಟನಾಗಬೇಕೆಂದು ನಿಂತಿದ್ದರಂತೆ. ಅಲ್ಲಿ ಎಲ್ಲರೂ ಅವರನ್ನು ನೋಡಿದ ಕೂಡಲೇ ಬಂದೂಕು ಕೊಟ್ಟು ಬಾಗಿಲ ಹತ್ತಿರ ನಿಲ್ಲಿಸಿದರು. ಕಾಶಿಗೆ ಶೂಟಿಂಗಿನವರು ಬರುತ್ತಲೇ ಇರುತ್ತಾರೆ, ಸ್ಥಳೀಯರು ಬೇಕಾಗುತ್ತಾರೆ ಎಂದು ಕೇಳಿ ಇಲ್ಲಿಗೆ ಬಂದಿದ್ದರು. ಮಠದ ಊಟದ ಪಂಕ್ತಿಯಲ್ಲಿ ಬಡಿಸುತ್ತೇನೆ, ನೀರು ಹೊರುತ್ತೇನೆ, ಮೂರು ದಿನಕ್ಕಿಂತ ಹೆಚ್ಚು ಇರಲು ಬಿಡಿ ಎಂದು ಅಪ್ಪನನ್ನು ಕೇಳಿಕೊಂಡಿದ್ದರು.

ಊರಿನ ಸಹಕಾರಿ ಬ್ಯಾಂಕಿನಲ್ಲಿ ಮಾಜಿ ಸೈನಿಕರಿಗೆಂದು ಇಟ್ಟ ಕಾವಲಿನ ಕೆಲಸವನ್ನು ಅವರ ಅಣ್ಣ ಗೊತ್ತು ಮಾಡಿದ್ದ. ಮಾರ್ಚ್ ಒಂದನೇ ತಾರೀಖಿಗೆ ಹಾಜರಾಗಬೇಕು. ಅಷ್ಟರೊಳಗೆ ಬಾಯಿಬಿಟ್ಟು ಮಾತಾಡುವ ಒಂದು ಪಾತ್ರ ಸಿಕ್ಕರೆ ಉಳಿಯುವುದು, ಇಲ್ಲದಿದ್ದರೆ ನಟನೆಯ ಮಾತು ಬಿಡುವುದು ಎಂದು ತಮ್ಮಷ್ಟಕ್ಕೆ ಕರಾರು ಮಾಡಿಕೊಂಡಿದ್ದರು. ಹದಿಮೂರು ತಿಂಗಳಲ್ಲಿ ಅವರಿಗೆ ಒಂದೇ ಒಂದು ಮಾತು ಸಿಕ್ಕಿರಲಿಲ್ಲ.

“ಹೆಣದ ಪಾರ್ಟ್ ಸಿಕ್ಕಿತ್ತು. ಅದನ್ನೂ ಕಳದಿ,” ಎಂದಳು ನನ್ನ ಸೋದರತ್ತೆ ಕಮಲಾದೇವಿ. ನಾನು ಚಿಕ್ಕವಳಿದ್ದಾಗ ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಸುಳ್ಳು ಹೇಳುವುದು ಅವಳಿಗೆ ಬರುವುದಿಲ್ಲ.

*

ಹತ್ತು ದಿನಕ್ಕೆ ಪುಣೆಯಿಂದ ಒಂದು ಸಿನಿಮಾದವರು ಬಂದರು. ನಿರ್ದೇಶಕಿ ಒಬ್ಬ ಹೆಂಗಸು. ದೋಣಿಯವನ ಪಾತ್ರಕ್ಕೆ ಜನ ಹುಡುಕುತ್ತಿದ್ದರು. ಗಂಡನ ಅಸ್ಥಿ ಹಿಡಿದು ಬಂದ ಮುದುಕಿಯನ್ನು ನದಿಯ ನಡುವೆ ಕರೆದೊಯ್ಯುವ ದೋಣಿಯವನು. ಅವನಿಗೆ ಒಂದೇ ಒಂದು ಮಾತು. ಫೆಬ್ರವರಿಯಲ್ಲಿ ಆಯ್ಕೆ ಎಂದಿದ್ದರು. ಅನ್ನದಾನಯ್ಯ ಆ ಮಾತನ್ನು ಚೀಟಿಯ ಮೇಲೆ ಬರೆದುಕೊಂಡು ಬಂದು, ಅಂಗಳದ ನಡುವೆ ನಿಂತು, ಅಪ್ಪ ಮತ್ತು ಅತ್ತೆಯ ಎದುರು ಹೇಳಿ ತೋರಿಸಿದರು.

“ಘಬಡಾ ಮತ ಮಾಈ, ಓ ಪಾರ ಪಹುಂಚಾ ದೇಬ್!”

ಹೆದರಬೇಡ ತಾಯಿ, ಆಚೆ ದಡ ಮುಟ್ಟಿಸುತ್ತೇನೆ ಎಂದು ಅದರ ಅರ್ಥ. ಸೂರಿನ ಮೇಲಿದ್ದ ಪಾರಿವಾಳಗಳೆಲ್ಲ ಒಮ್ಮೆಗೇ ಹಾರಿಹೋದವು. ಅತ್ತೆಯ ಕೈಯಿಂದ ಬಟಾಣಿ ಬುಟ್ಟಿ ಜಾರಿತು. ಆ ಮುದುಕಿ ಇದನ್ನು ಕೇಳಿದರೆ ದೋಣಿಯಿಂದ ಹಾರಿಕೊಳ್ಳುತ್ತಾಳೆ ಎಂದಳು ಅತ್ತೆ.

ನಾನು ಈ ಗಲ್ಲಿಗಳ ಮಾತಿನಲ್ಲೇ ಬೆಳೆದವಳು. ವಿಶ್ವವಿದ್ಯಾಲಯದಲ್ಲಿ ದರ್ಶನಶಾಸ್ತ್ರ ಓದಿ, ಮಠದ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳಿಗೆ ಚೀಟಿ ಬರೆಯುತ್ತಿದ್ದೆ. ಇಡೀ ದಿನದಲ್ಲಿ ಇಪ್ಪತ್ತು ಮಾತಾಡಿದರೆ ಹೆಚ್ಚು. ಆದರೂ ಅವತ್ತು ನಾನೇ ಅಪ್ಪನಿಗೆ ಹೇಳಿದೆ, ಬನಾರಸಿ ಮಾತು ನಾನು ಕಲಿಸುತ್ತೇನೆ ಎಂದು. ಹೆಣದ ಋಣ ಎಂದು ಮನಸ್ಸಿನಲ್ಲೇ ಸಮಜಾಯಿಷಿ ಕೊಟ್ಟುಕೊಂಡೆ. ಅಪ್ಪ ಒಪ್ಪಿದರು. ಮಧ್ಯಾಹ್ನದ ಊಟವಾದ ಮೇಲೆ, ಅಂಗಳದಲ್ಲಿ, ಅತ್ತೆ ಬಟಾಣಿ ಬಿಡಿಸುತ್ತ ಕೂತಿರಬೇಕು ಎಂದರು. ಆ ಚಳಿಗಾಲ ನಮ್ಮ ಮನೆಯಲ್ಲಿ ತಿಂದಷ್ಟು ಬಟಾಣಿ ಬನಾರಸದಲ್ಲಿ ಇನ್ನಾರೂ ತಿಂದಿರಲಿಕ್ಕಿಲ್ಲ.

ಅವರ ಹಿಂದಿ ಫೌಜಿನ ಹಿಂದಿ. ಎಲ್ಲವೂ ಆರ್ಡರು. ಹೊರಗೆ ಕರೆದೊಯ್ದು ಮಾತಾಡಿಸಿ ನೋಡಿದೆ. ಎಲ್ಲಿಗೆ ಹೋಗುತ್ತೀಯಪ್ಪಾ ಎಂದು ರಿಕ್ಷಾದವನನ್ನು ಕೇಳಿದರೆ ಆ ಮುದುಕ ಸೀಟಿನಿಂದಿಳಿದು ಸಲಾಮು ಹೊಡೆದ. ಚಳಿಗಾಲದ ಬೆಳಿಗ್ಗೆ ಮಾತ್ರ ಸಿಗುವ ಮಲೈಯೋ ಎಂಬ ಹಾಲಿನ ನೊರೆಯ ಸಿಹಿ ಮಾರುವವನ ಹತ್ತಿರ, ಕುಡಿಕೆಗೆ ಇನ್ನೊಂದು ಚಮಚ ಹಾಕಣ್ಣ ಎಂದು ಪುಸಲಾಯಿಸಿ ಬನ್ನಿ ಎಂದು ಕಳಿಸಿದೆ. ಅತ್ತೆ ಮತ್ತು ನಾನು ದೂರ ನಿಂತು ನೋಡಿದೆವು. ಅವನು ಹೆದರಿ ನಾಲ್ಕು ಚಮಚ ಹಾಕಿಕೊಟ್ಟ.

“ಬೆದರಿಸಿ ತಂದಿದ್ದು ಲೆಕ್ಕಕ್ಕಿಲ್ಲ,” ಎಂದೆ.

“ಹಂಗಾದ್ರ ತಿನಬ್ಯಾಡ್ರಿ,” ಎಂದು ಅವರು ಕುಡಿಕೆ ಹಿಂದಕ್ಕೆ ಎಳೆದುಕೊಂಡರು. ಕೈ ಎಳೆದದ್ದು ಎರಡೇ ಬೆರಳಿನಷ್ಟು. ನಾನು ತೆಗೆದುಕೊಂಡೆ. ನೊರೆ ಬಾಯಿಗಿಟ್ಟ ಕೂಡಲೇ ಕರಗಿತು, ಕೇಸರಿಯ ವಾಸನೆಯಷ್ಟೇ ಉಳಿಯಿತು. ನನ್ನ ಮೂಗಿನ ತುದಿಯಲ್ಲಿ ನೊರೆ ಅಂಟಿದೆ ಎಂದು ಹೇಳಲಾರದೆ ಅವರು ತಮ್ಮ ಮೂಗನ್ನೇ ಮೂರು ಸಲ ಒರೆಸಿಕೊಂಡರು. ನನಗೆ ಅರ್ಥವಾದದ್ದು ಮನೆಗೆ ಬಂದು ಕನ್ನಡಿ ನೋಡಿದ ಮೇಲೆ.

ಪ್ರತಿ ಮಧ್ಯಾಹ್ನ ಅವರು ಆ ಒಂದು ಮಾತು ಹೇಳುವರು. ಪಾರಿವಾಳ ಹಾರುವವು. ನಾನು ಹೇಳುವೆ, “ಮತ್ತೊಮ್ಮೆ. ಮೆತ್ತಗ.”

ಅವರು ಯಾವಾಗಲೂ ನನ್ನ ಬಲಕ್ಕೇ ಕೂರುತ್ತಿದ್ದರು. ಎಲ್ಲಿ ಜಾಗವಿದ್ದರೂ ಸುತ್ತು ಹಾಕಿ ಬಂದು ಬಲಕ್ಕೆ. ಮೊದಲು ಅದು ಮಠದ ಏನೋ ಮರ್ಯಾದೆ ಎಂದುಕೊಂಡಿದ್ದೆ. ಒಂದು ದಿನ ಅವರ ಬಲಗಡೆಯಿಂದ ಅತ್ತೆ ಎರಡು ಸಲ ಕರೆದರೂ ತಿರುಗಲಿಲ್ಲ. ಆಗ ತಿಳಿಯಿತು, ಅವರ ಬಲಗಿವಿ ಕೇಳುವುದಿಲ್ಲ. ಎಡಗಿವಿ ನನ್ನ ಕಡೆಗಿರಲಿ ಎಂದು ಬಲಕ್ಕೆ ಕೂರುತ್ತಿದ್ದರು. ತಮ್ಮ ದನಿ ಎಷ್ಟು ದೊಡ್ಡದು ಎಂದು ಅವರಿಗೇ ಸರಿಯಾಗಿ ಗೊತ್ತಾಗುತ್ತಿರಲಿಲ್ಲ.

ಅದನ್ನು ತಿಳಿದ ಮೇಲೆ ನನಗೂ ಏನೋ ಆಯಿತು. ಗ್ರಂಥಾಲಯದಲ್ಲಿ ಒಬ್ಬಳೇ ಕೂತಾಗ ಬಲಗಡೆಯ ಬೆಂಚಿನ ಮೇಲೆ ಪುಸ್ತಕ ಇಡುವುದನ್ನು ಬಿಟ್ಟೆ.

*

ಆಯ್ಕೆಗೆ ಎರಡು ದಿನ ಉಳಿದಿತ್ತು. ಮಾತು ಇನ್ನೂ ಆರ್ಡರಿನಂತೆಯೇ ಇತ್ತು. ನಾನು ಚೀಟಿ ಕೆಳಗಿಟ್ಟು, ಯಾರ ಜೊತೆಗಾದರೂ ಎಂದಾದರೂ ಮೆತ್ತಗೆ ಮಾತಾಡಿದ್ದೀರಾ ಎಂದು ಕೇಳಿದೆ.

ಮಾತಾಡುವ ಮೊದಲು ಅವರು ನೆಲ ನೋಡುತ್ತಿದ್ದರು. ಕಾಲು ಎಲ್ಲಿಡಬೇಕೆಂದು ನೋಡುವವರ ಹಾಗೆ. ಅವತ್ತು ಬಹಳ ಹೊತ್ತು ನೋಡಿದರು.

ಕುಮಾರಯ್ಯ ಎಂಬ ಗೆಳೆಯನಿದ್ದನಂತೆ, ಹುನಗುಂದದ ಕಡೆಯವನು. ಗುಡ್ಡದ ಮೇಲೆ, ಹಿಮದಲ್ಲಿ, ಶೆಲ್ಲು ಬಿದ್ದಾಗ ಇಬ್ಬರೂ ಜೊತೆಗಿದ್ದರು. ಇವರ ಹೆಗಲಿಗೆ ಚೂರು ಹೊಕ್ಕಿತು, ಕಿವಿ ಹೋಯಿತು. ಕುಮಾರಯ್ಯನಿಗೆ ಹೊಟ್ಟೆಗೆ. ಸ್ಟ್ರೆಚರ್ ಬರುವ ತನಕ ಅವನು ‘ಯವ್ವಾ, ಯವ್ವಾ’ ಎಂದು ಅವ್ವನನ್ನು ಕರೆಯುತ್ತಿದ್ದ.

“ನಾ ಅವರವ್ವ ಆದೆ,” ಎಂದರು ಅವರು. “ಇಲ್ಲೇ ಅದೀನೋ ನನ್ನಪ್ಪಾ, ಮಕ್ಕೋ ಅಂದೆ. ಅಕಿ ಹೆಂಗ ಮಾತಾಡ್ತಿದ್ಲೋ ಹಂಗ. ಆ ಹೊತ್ತಿಗೆ ನನ್ನ ದನಿ ನನಗ ಕೇಳಿಸ್ತಿರ್ಲಿಲ್ಲ. ಅಂವಗ ಕೇಳಿಸ್ತು. ನನ್ನ ಕೈ ಹಿಡಕೊಂಡು ಮಕ್ಕೊಂಡ.”

ಅತ್ತೆಯ ಕೈ ಬಟಾಣಿಯ ಮೇಲೆ ನಿಂತಿತ್ತು.

ಅವತ್ತಿನಿಂದಲೇ ನಟನಾಗಬೇಕು ಅನ್ನಿಸಿತಂತೆ. ಬೇರೆಯವರಾಗುವುದು ಸುಳ್ಳು ಹೇಳಿದಂತಲ್ಲ ಎಂದು ಅವತ್ತು ತಿಳಿಯಿತು ಎಂದರು. ಆಸ್ಪತ್ರೆಯಲ್ಲಿ ಹೆಗಲು ಕೊಯ್ಯುವಾಗ ಕೊರಳಲ್ಲಿದ್ದುದನ್ನು ತೆಗೆಯಲು ಡಾಕ್ಟರು ಹೇಳಿದರಂತೆ. ಮೈಯಿಂದ ದೂರ ಇಡುವುದಿಲ್ಲ ಎಂದರಂತೆ ಇವರು. ಕೊನೆಗೆ ನರ್ಸಮ್ಮ ಲಿಂಗವನ್ನು ಇವರ ಮುಷ್ಟಿಯಲ್ಲೇ ಬಿಟ್ಟು, ಮುಷ್ಟಿಗೆ ಬ್ಯಾಂಡೇಜು ಸುತ್ತಿದರಂತೆ.

ಮೌನ ನನಗೆ ಹಳೆಯ ಪರಿಚಯ. ಆದರೆ ಇಬ್ಬರು ಕೂಡಿ ಕೂರುವಷ್ಟು ಅದರಲ್ಲಿ ಜಾಗವಿದೆ ಎಂದು ಅವತ್ತಿನ ತನಕ ನನಗೆ ಗೊತ್ತಿರಲಿಲ್ಲ.

ಬಿಸಿಲು ಅಂಗಳದ ಅರ್ಧಕ್ಕೆ ಸರಿದ ಮೇಲೆ ಹೇಳಿದೆ, “ಈಗ ದೋಣಿಯವನ ಮಾತು ಹೇಳ್ರಿ. ನಿಮಗ ಕೇಳಸೂದು ಬ್ಯಾಡ. ಆ ಮುದುಕಿಗೆ ಕೇಳಿಸಿದ್ರ ಬಸ್.”

ಅವರು ಹೇಳಿದರು. ಒಂದು ಪಾರಿವಾಳವೂ ಹಾರಲಿಲ್ಲ.

*

ನಿರ್ದೇಶಕಿ ಆ ಮಾತನ್ನು ಎರಡು ಸಲ ಹೇಳಿಸಿ, ನೀವೇ ಎಂದರಂತೆ. ಅದನ್ನು ತಿಳಿಸಲು ಬಂದವರ ಮುಖ ಗೆದ್ದವರ ಮುಖದಂತಿರಲಿಲ್ಲ. ಅಂಗಳದ ಕಟ್ಟೆಯ ಮೇಲೆ ನನ್ನ ಬಲಕ್ಕೆ ಕೂತು, ಕೈ ಮಂಡಿಯ ಮೇಲಿಟ್ಟುಕೊಂಡರು.

ದೋಣಿಯವನು ಬರಿಮೈಯಲ್ಲಿರಬೇಕಂತೆ. ಬೆಳಗಿನ ಬಿಸಿಲಿನಲ್ಲಿ ಕ್ಯಾಮೆರಾ ಅವನ ಬೆನ್ನಿನಿಂದ ಶುರುವಾಗಿ ಎದೆಯ ಸುತ್ತ ತಿರುಗುತ್ತದಂತೆ. ಕೊರಳಲ್ಲಿ, ಎದೆಯಲ್ಲಿ, ತೋಳಿನಲ್ಲಿ ಏನೂ ಕಾಣುವಂತಿಲ್ಲ. ನಿರ್ದೇಶಕಿ ಒಳ್ಳೆಯವರು, ಬಯ್ಯಲಿಲ್ಲ, ಒತ್ತಾಯ ಮಾಡಲಿಲ್ಲ. ನಾಳೆ ಸಂಜೆಯೊಳಗೆ ಹೇಳಿ, ಆಗದಿದ್ದರೆ ಎರಡನೆಯವನನ್ನು ತೆಗೆದುಕೊಳ್ಳುತ್ತೇವೆ ಎಂದರಂತೆ.

ಶಿವರಾತ್ರಿ ಕಳೆದು ಎರಡು ದಿನವಾಗಿತ್ತು. ಮಾರ್ಚ್ ಒಂದಕ್ಕೆ ಉಳಿದದ್ದು ಒಂಬತ್ತೇ ದಿನ.

‘ಹತ್ತು ನಿಮಿಷ ತೆಗೆದಿಟ್ಟರೆ ಏನಾದೀತು’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಚಟ್ಟಕ್ಕೆ ಅಡ್ಡ ನಿಲ್ಲುವಂತೆ ಮಾಡಿದ ಅದೇ ಕರಡಿಗೆ ಈಗ ನನಗೇ ಅಡ್ಡವಾಗಿ ತೂಗುತ್ತಿತ್ತು. ನಾನು ಮಾತು ನುಂಗಿದೆ. ಅದನ್ನು ಆಡಿದ್ದರೆ ಅವರು ತೆಗೆದೂಬಿಡುತ್ತಿದ್ದರೇನೋ. ಆಮೇಲೆ ನನ್ನ ಪಕ್ಕದಲ್ಲಿ ಕೂರುತ್ತಿದ್ದವರು ಇವರಾಗಿರುತ್ತಿರಲಿಲ್ಲ.

“ಹೋಗ್ಲಿ ಬಿಡ್ರಿ,” ಎಂದರು. “ಬ್ಯಾಂಕಿನ ಬಾಗಲಾ ಕಾಯಾಕ ಅಂಗಿ ಕೊಡ್ತಾರ.”

ನನಗೆ ನಗು ಬಂತು. ನಗು ಮುಗಿಯುವ ಮೊದಲೇ ಎದ್ದು ಒಳಗೆ ಹೋದೆ.

ಗ್ರಂಥಾಲಯದಲ್ಲಿ ಚೀಟಿ ಬರೆಯುತ್ತ ಕೂತೆ. ಒಂದೇ ಪುಸ್ತಕಕ್ಕೆ ಮೂರು ಚೀಟಿ ಬರೆದಿದ್ದೆ. ಮುಷ್ಟಿಗೆ ಬ್ಯಾಂಡೇಜು ಸುತ್ತಿದ ಆ ನರ್ಸಮ್ಮ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿದ್ದಳು. ಅವಳಿಗೆ ಹೊಳೆದದ್ದು ನನಗೇಕೆ ಹೊಳೆಯದು? ಲಿಂಗ ಮೈಮೇಲಿರಬೇಕು, ಕೊರಳಲ್ಲೇ ಇರಬೇಕೆಂದಿಲ್ಲ. ಮುಷ್ಟಿ ಆಗದು, ಎರಡೂ ಕೈಗೆ ಹುಟ್ಟು ಬೇಕು. ಹಾಗಾದರೆ ಇನ್ನೆಲ್ಲಿ?

ಆಗ ಅಪ್ಪ ಹೇಳುತ್ತಿದ್ದ ಕಥೆ ನೆನಪಾಯಿತು. ಸಣ್ಣವಳಿದ್ದಾಗ ಗಂಗೆಯಲ್ಲಿ ಮುಳುಗು ಹಾಕಲು ಹೆದರಿದರೆ ಅಪ್ಪ ತಮ್ಮ ಅಜ್ಜನ ಕಥೆ ಹೇಳುತ್ತಿದ್ದರು. ಮಲಪ್ರಭೆಗೆ ನೆರೆ ಬಂದಾಗ, ಆಚೆ ದಡದ ಹಳ್ಳಿಯಲ್ಲಿ ಹೆರಿಗೆಗೆ ಕೂತ ಮಗಳನ್ನು ನೋಡಲು ಅವರು ಈಜಿ ಹೋದವರು. ಪ್ರವಾಹಕ್ಕೆ ಶಿವದಾರ ಹರಿದೀತು ಎಂದು ಲಿಂಗವನ್ನು ತಲೆಯ ಮೇಲಿಟ್ಟು ಅದರ ಮೇಲೆ ರುಮಾಲು ಬಿಗಿದಿದ್ದರು.

ಗಂಗೆಯ ದೋಣಿಯವರೆಲ್ಲ ತಲೆಗೆ ಗಮಛಾ ಎಂಬ ಉದ್ದನೆಯ ವಸ್ತ್ರ ಸುತ್ತುತ್ತಾರೆ.

ನಾನು ಓಡಿದೆ. ಅಪ್ಪ ಸಂಜೆಯ ಪೂಜೆಗೆ ವಿಭೂತಿ ಕಲಸುತ್ತಿದ್ದರು. ಏದುಸಿರಿನಲ್ಲೇ ಎಲ್ಲ ಹೇಳಿ, ತಲೆಯಲ್ಲಿಟ್ಟುಕೊಂಡರೆ ನಡೆಯುತ್ತದೆಯೇ ಎಂದು ಕೇಳಿದೆ. ಅಪ್ಪ ನನ್ನ ಮುಖವನ್ನು ನೋಡಿದರು. ಪ್ರಶ್ನೆಗಿಂತ ಹೆಚ್ಚು ಏನೋ ಅಲ್ಲಿ ಕಂಡಿರಬೇಕು.

“ತಲೀಗಿಂತ ಮ್ಯಾಲಿನ ಜಾಗ ಯಾವುದೈತಿ ಮಗಳ?” ಎಂದರು. “ಹೋಗಿ ಹೇಳು. ಗಂಟು ಸಡಲಾಗಬಾರದು ಅನ್ನು.”

*

ಕೇದಾರ ಘಾಟಿನ ಮೆಟ್ಟಿಲು. ಸೂರ್ಯ ಇನ್ನೂ ಆಚೆ ದಡದ ಮರಳಿನ ಕೆಳಗಿದ್ದ. ನಿರ್ದೇಶಕಿಗೆ ಎಲ್ಲ ತಿಳಿಸಿ ಆಗಿತ್ತು. ದೋಣಿಯವರು ಕಟ್ಟುವ ಹಾಗೆಯೇ ಕಟ್ಟಿದರೆ ತನಗೆ ಅಭ್ಯಂತರವಿಲ್ಲ ಎಂದಿದ್ದರು.

ಅವರು ಬರಿಮೈಯಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು. ಬಲ ಹೆಗಲಿನ ಮೇಲೆ ಹಳೆಯ ಗಾಯ, ಬೆಸೆದ ತಾಮ್ರದ ಹಾಗೆ ಹೊಳೆಯುತ್ತಿತ್ತು. ಚಳಿಗೆ ಮೈಮೇಲೆ ಮುಳ್ಳೆದ್ದಿತ್ತು. ಕರಡಿಗೆಯಿಂದ ಲಿಂಗ ತೆಗೆದು, ಕಣ್ಣಿಗೊತ್ತಿಕೊಂಡು, ಬಿಳಿಯ ಬಟ್ಟೆಯಲ್ಲಿ ಸುತ್ತಿ ನೆತ್ತಿಯ ಮೇಲಿಟ್ಟುಕೊಂಡರು. ಎರಡೂ ಕೈಯಿಂದ ಹಿಡಿದುಕೊಂಡರು. ಆಗ ಇಬ್ಬರಿಗೂ ಒಮ್ಮೆಗೇ ತಿಳಿಯಿತು, ಗಮಛಾ ಸುತ್ತಲು ಅವರಿಗೆ ಮೂರನೆಯ ಕೈ ಇರಲಿಲ್ಲ.

ಜೊತೆಗೆ ಬಂದಿದ್ದ ಅತ್ತೆ ಇದ್ದಕ್ಕಿದ್ದಂತೆ ಗಂಗೆಯ ಕಡೆ ತಿರುಗಿ ನಿಂತು, ನೀರಿನಲ್ಲಿ ಇಲ್ಲದ ಯಾವುದೋ ದೋಣಿಯನ್ನು ನೋಡತೊಡಗಿದಳು.

ನಾನು ಗಮಛಾ ಕೈಗೆತ್ತಿಕೊಂಡೆ. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಅದನ್ನು ತಾಗದಂತೆ, ಅವರ ಬೆರಳನ್ನೂ ತಾಗದಂತೆ ಮೊದಲ ಸುತ್ತು ಸುತ್ತಿದೆ. ಎರಡನೆಯ ಸುತ್ತಿಗೆ ಅವರು ಎಡಗೈ ತೆಗೆಯಬೇಕಿತ್ತು, ತೆಗೆದರು. ಮೂರನೆಯದಕ್ಕೆ ಬಲಗೈ. ಅವರ ಉಸಿರು ನನ್ನ ಮುಂಗೈಗೆ ಬೆಚ್ಚಗೆ ಬಡಿಯುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡಿದ್ದರು. ಚಟ್ಟದ ಮೇಲೆ ನೋಡಿದ ಅದೇ ಮುಚ್ಚಿದ ಕಣ್ಣು, ಆದರೆ ಈಗ ರೆಪ್ಪೆ ನಡುಗುತ್ತಿತ್ತು. ಕೊನೆಯ ಸೆರಗನ್ನು ಕಿವಿಯ ಹತ್ತಿರ ಸಿಕ್ಕಿಸುವಾಗ ನನ್ನ ಬೆರಳು ಅವರ ಬಲಗಿವಿಗೆ ತಾಗಿತು. ಕೇಳದ ಕಿವಿ. ಒಂದು ಕ್ಷಣ ಬೆರಳನ್ನು ಅಲ್ಲೇ ಬಿಟ್ಟೆ.

“ಬಿಗಿ ಆತೇನ್ರಿ?” ಎಂದೆ.

“ಇಲ್ರಿ,” ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ದೋಣಿ ಹೊರಟಿತು. ಮುದುಕಿಯ ಪಾತ್ರ ಮಾಡುವ ನಟಿ ಮಡಕೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕ್ಯಾಮೆರಾದ ದೋಣಿ ಪಕ್ಕದಲ್ಲೇ ಸಾಗಿತು. ಸೂರ್ಯ ಮೇಲೆ ಬಂದ. ಅವರು ಹುಟ್ಟು ಹಾಕುತ್ತ ಹಾಕುತ್ತ ಒಮ್ಮೆ ನಿಲ್ಲಿಸಿ, ಮುಂದಕ್ಕೆ ಬಾಗಿ ಆ ಮಾತು ಹೇಳಿದರು. ದಡದಲ್ಲಿದ್ದ ನನಗೆ ಕೇಳಿಸಲಿಲ್ಲ. ಕೇಳಿಸದಷ್ಟು ಮೆತ್ತಗೆ ಹೇಳಿದ್ದಾರೆ ಎಂದು ನನ್ನ ಎದೆ ಉಬ್ಬಿತು. ಆ ನಟಿ ಮಡಕೆಯನ್ನು ಪಕ್ಕಕ್ಕಿಟ್ಟು ಅವರ ಕೈಮೇಲೆ ಕೈಯಿಟ್ಟರು. ಅದು ಬರೆದದ್ದರಲ್ಲಿ ಇರಲಿಲ್ಲವಂತೆ. ನಿರ್ದೇಶಕಿ ಬಹಳ ಹೊತ್ತು ಕಟ್ ಹೇಳಲಿಲ್ಲ.

*

ಆ ದೋಣಿಯವನಿಗೆ ನಿರ್ದೇಶಕಿ ಇನ್ನೂ ಮೂರು ದೃಶ್ಯ ಬರೆದರು. ಅವನ್ನು ತೆಗೆಯುವುದು ಪುಣೆಯಲ್ಲಿ, ಮಾರ್ಚ್ ತಿಂಗಳಿಡೀ. ಅವರು ಬ್ಯಾಂಕಿನ ಕೆಲಸ ಬೇಡವೆಂದು ಎಸ್‌ಟಿಡಿ ಬೂತಿನಿಂದ ಅಣ್ಣನಿಗೆ ಫೋನು ಮಾಡಿ ಬೈಸಿಕೊಂಡು ಬಂದರು. ಗೆದ್ದಿದ್ದರು. ಗೆದ್ದದ್ದರಿಂದಲೇ ಹೋಗಬೇಕಿತ್ತು. ಇದನ್ನು ನಾನು ಮೊದಲೇ ಏಕೆ ಯೋಚಿಸಲಿಲ್ಲವೋ.

ಹೊರಡುವ ಬೆಳಿಗ್ಗೆ ತಮ್ಮ ಕಪ್ಪು ತಗಡಿನ ಟ್ರಂಕನ್ನು ಅಂಗಳಕ್ಕೆ ತಂದಿಟ್ಟರು. ಮುಚ್ಚಳದ ಮೇಲೆ ಬಿಳಿಯ ಬಣ್ಣದಲ್ಲಿ ಹೆಸರು, ನಂಬರು. ಅಪ್ಪ ದೊಡ್ಡ ಪುಸ್ತಕ ತೆರೆದು ಹೋಗುವ ತಾರೀಖು ಬರೆಯಲು ಪೆನ್ನು ಹಿಡಿದರು. ನಾನು ಬಾಗಿಲಲ್ಲಿ ನನ್ನ ಜಾಗದಲ್ಲಿ ನಿಂತಿದ್ದೆ. ವಿಜಾಪುರದ ಯಾತ್ರಿಕರ ಗುಂಪೊಂದು ಒದ್ದೆ ಬಟ್ಟೆ ಹಿಂಡುತ್ತಿತ್ತು. ‘ಮತ್ತ ಬರ್ರಿ’ ಎಂಬ ಎರಡು ಶಬ್ದ ನನ್ನ ಬಾಯಲ್ಲಿ ಕಲ್ಲಾಗಿ ಕೂತಿದ್ದವು. ಇವರಿಗೆ ಆ ಮಾತು ಹೇಳಲಾರೆ. ಎಲ್ಲರಿಗೂ ಹೇಳಿ ಹೇಳಿ ಅದರಲ್ಲಿ ಏನೂ ಉಳಿದಿರಲಿಲ್ಲ.

ಅವರು ಅಪ್ಪನ ಕಾಲು ಮುಟ್ಟಿ, ಎದ್ದು, ಎರಡು ಹೆಜ್ಜೆ ಹಿಂದೆ ಸರಿದು ಹಿಮ್ಮಡಿ ಕೂಡಿಸಿ ನಿಂತರು. ಒಂದು ತಿಂಗಳು ನಾನು ಕಲಿಸಿದ್ದೆಲ್ಲ ಒಂದು ಕ್ಷಣದಲ್ಲಿ ಗಂಗೆಯ ಪಾಲಾಯಿತು.

“ಅಪ್ಪಾರ! ಒಂದು ವಿಷಯ ಐತ್ರಿ. ನಿಮ್ಮ ಮಗಳು ಭವಾನಿನ್ನ ಮದುವಿ ಆಗಬೇಕಂತ ಮಾಡೀನಿ. ಕೆಲಸ ಪಕ್ಕಾ ಇಲ್ಲ. ಪೆನ್ಶನ್ ಬರ್ತೈತಿ. ಬಲಗಿವಿ ಕೇಳೂದಿಲ್ಲ. ಇಷ್ಟರಿ.”

ಪಾರಿವಾಳಗಳೆಲ್ಲ ಹಾರಿದವು. ವಿಜಾಪುರದವರು ಹಿಂಡುತ್ತಿದ್ದ ಧೋತರ ಹಿಡಿದುಕೊಂಡೇ ನಿಂತರು.

ಅಪ್ಪ ಪೆನ್ನು ಕೆಳಗಿಟ್ಟರು. “ನನಗ್ಯಾಕ ವರದಿ ಕೊಡ್ತೀರಿ?” ಎಂದರು. “ಕೇಳೂದಿದ್ದರ ಆಕೀನ್ನ ಕೇಳ್ರಿ.”

ಅವರು ನನ್ನ ಕಡೆ ಬಂದರು. ಅಂಗಳ ದಾಟುವಷ್ಟರಲ್ಲಿ ಆ ನೆಟ್ಟಗಿನ ಬೆನ್ನು ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. ನನ್ನ ಪಕ್ಕಕ್ಕೆ ಬಂದು ನಿಂತಾಗ ನೆಲ ನೋಡುತ್ತಿದ್ದರು. ನನ್ನ ಮುಖ ಸುಡುತ್ತಿತ್ತು. ಆದರೂ ಹೇಳಿದೆ.

“ಮತ್ತೊಮ್ಮೆ. ಮೆತ್ತಗ.”

ಅವರು ತಲೆಯೆತ್ತಿದರು. ಮತ್ತೊಮ್ಮೆ ಹೇಳಿದರು. ಅದೇ ಮಾತಲ್ಲ, ಕೆಲಸ, ಪೆನ್ಶನ್ ಯಾವುದೂ ಅದರಲ್ಲಿರಲಿಲ್ಲ. ದೋಣಿಯ ಮೇಲೆ ಬಾಗಿ ಹೇಳಿದಂತೆ ಹೇಳಿದರು. ನಾನೊಬ್ಬಳೇ ಕೇಳಿದೆ.

ನಾನು ಉತ್ತರ ಕೊಟ್ಟೆ. ಅವರು ಸುಮ್ಮನೆ ನನ್ನ ತುಟಿಯನ್ನೇ ನೋಡುತ್ತ ನಿಂತರು. ಆಗ ಗಮನಿಸಿದೆ, ಆ ಗಡಿಬಿಡಿಯಲ್ಲಿ ಅವರು ಮೊದಲ ಸಲ ನನ್ನ ಎಡಕ್ಕೆ ಬಂದು ನಿಂತಿದ್ದರು, ಕೇಳದ ಕಿವಿ ನನ್ನ ಕಡೆಗಿತ್ತು. ಇಪ್ಪತ್ತೇಳು ವರ್ಷ ಮೆಲ್ಲಗೆ ಮಾತಾಡಿದವಳು ನಾನು. ಉಸಿರು ಎಳೆದುಕೊಂಡು ಮತ್ತೊಮ್ಮೆ ಹೇಳಿದೆ.

“ಹೂಂ ಅಂದೆ. ಕಾಯ್ತೀನಿ ಅಂದೆ!”

ಆಗಷ್ಟೇ ಬಂದು ಕೂತಿದ್ದ ಪಾರಿವಾಳಗಳು ಮತ್ತೆ ಹಾರಿದವು.

“ಈಗ ಕೇಳಿತೇನ್ರಿ?” ಎಂದಳು ಅತ್ತೆ ಅಡುಗೆಮನೆಯ ಬಾಗಿಲಿಂದ. “ಮಣಿಕರ್ಣಿಕಾದಾಗ ಮಲಗಿದವರಿಗೂ ಕೇಳಿತು.”

ಗಲ್ಲಿಯ ತುದಿಯ ತನಕ ಟ್ರಂಕಿನ ಒಂದು ಹಿಡಿಕೆ ಅವರು ಹಿಡಿದರು, ಇನ್ನೊಂದು ನಾನು. ಅಲ್ಲಿ ಆ ಸಲಾಮು ಹೊಡೆದ ಮುದುಕನೇ ರಿಕ್ಷಾ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅವರು ಹತ್ತಿ ಕೂತರು. ಸೀಟಿನ ಬಲತುದಿಗೆ, ಅಂಚಿಗೆ ಒತ್ತಿಕೊಂಡು. ಗಾಡಿ ವಾಲುತ್ತದೆ ಬಾಬು, ನಡುವೆ ಸರಿದು ಕೂರಿ ಎಂದ ರಿಕ್ಷಾದವನು.

ಅವರು ಸರಿಯಲಿಲ್ಲ. ನನ್ನನ್ನು ನೋಡಿದರು, ನಕ್ಕರು. ರಿಕ್ಷಾ ಒಂದು ಕಡೆ ವಾಲಿಕೊಂಡೇ ಗೊದೌಲಿಯಾ ಚೌಕದ ಕಡೆ ಹೊರಟಿತು. ಈ ಸಲ ನಾನು ಹಿಂದೆ ಓಡಲಿಲ್ಲ. ಕಣ್ಣಿಗೆ ಕಾಣುವ ತನಕ, ಆ ಸೀಟಿನ ಎಡಭಾಗ ಖಾಲಿಯಾಗಿಯೇ ಇತ್ತು.